ಬಯಾಲಜಿ ತಗೊಂಡಾಯ್ತು, ಇನ್ನು ಎಂತ ಮಾಡುದು?

ರಿಸಲ್ಟ್ ಬಂದ ಮೇಲೆ ಈ ಪುಟಕ್ಕೆ ಬರುವ ಕಾಗದ, ವಾಟ್ಸಾಪ್ ಎಲ್ಲ ಹೆಚ್ಚುಕಡಿಮೆ ಒಂದೇ ಧಾಟಿಯದ್ದು. ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಹೊಸದುರ್ಗದ ತನಕ ಎಲ್ಲ ಮನೆಯಲ್ಲೂ ಬಯಾಲಜಿ ಅಂದ್ರೆ ನೀಟ್, ನೀಟ್ ಅಂದ್ರೆ ಡಾಕ್ಟ್ರು, ಅದು ಆಗದಿದ್ರೆ ಮತ್ತೆ ಎಂತ ಅಂತ ಯಾರಿಗೂ ಗೊತ್ತಿಲ್ಲ. ಹಾಗಾಗಿ ಈ ಸಲ ಬೇರೆ ವಿಷಯದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಬಯಾಲಜಿಯದ್ದನ್ನು ಮಾತ್ರ ತಗೊಂಡಿದ್ದೇನೆ. ಕೇಳಿದವರ ಹೆಸರು ಹಾಕಿಲ್ಲ, ಊರು ಮಾತ್ರ.

ಟೀಚರೇ, ಮಗಳು ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ, ಒಳ್ಳೆ ಗ್ರೇಡ್ ಉಂಟು. ಪ್ಲಸ್ ವನ್ ಸೈನ್ಸ್ ಸೇರಿದ್ರೆ ಪುಸ್ತಕ ಇಂಗ್ಲಿಷ್, ಪಾಠ ಅರ್ಧ ಮಲಯಾಳ, ಅವಳಿಗೆ ಆಗ್ತದಾ? ಗಣಿತ ಇಲ್ಲದ ಗ್ರೂಪ್ ತಗೊಳ್ತೇನೆ ಅಂತ ಬೇರೆ ಹಟ. — ಒಬ್ಬರು ತಾಯಿ, ಬದಿಯಡ್ಕ

ಆಗ್ತದೆ ಅಕ್ಕ. ಓಣಂ ಪರೀಕ್ಷೆ ತನಕ ಕಷ್ಟ ಆಗ್ತದೆ, ಮಾರ್ಕ್ ಇಳಿತದೆ, ಮನೆಗೆ ಬಂದು ಅಳ್ಳಿಕ್ಕೂ ಸಾಕು, ಆಗ ನೀವು "ಕಾಮರ್ಸ್ ತಗೊಳ್ಬಹುದಿತ್ತು" ಅಂತ ಹೇಳದೆ ಇದ್ರೆ ಸಾಕು. ಒಂದು ಅನುಕೂಲ ಇದೆ, ಕೇರಳದ ಪ್ಲಸ್ ಟೂಗೂ ಕರ್ನಾಟಕದ ಪಿಯುಸಿಗೂ ಬಯಾಲಜಿ ಪುಸ್ತಕ ಎನ್‌ಸಿಇಆರ್‌ಟಿಯದ್ದೇ. ಹಾಗಾಗಿ ಕ್ಲಾಸಲ್ಲಿ ಮಲಯಾಳದಲ್ಲಿ ಹೇಳಿದ್ದು ತಲೆಗೆ ಹೋಗದಿದ್ರೆ ಅದೇ ಚಾಪ್ಟರನ್ನು ಪಿಯು ಲೆಕ್ಚರರ್‌ಗಳು ಕನ್ನಡದಲ್ಲಿ ವಿವರಿಸಿದ ವಿಡಿಯೋ ಹುಡುಕಿ ನೋಡ್ಲಿ, ಆಮೇಲೆ ಇಂಗ್ಲಿಷಲ್ಲಿ ಬರೆದು ಅಭ್ಯಾಸ ಮಾಡ್ಲಿ.

ಗಣಿತ ಮಾತ್ರ ಬಿಡಿಸಬೇಡಿ. ಬಯಾಲಜಿ ಅಂದ್ರೆ ಗಣಿತ ಬೇಡದ ಸೈನ್ಸ್ ಅಂತ ನಮ್ಮಲ್ಲಿ ಒಂದು ನಂಬಿಕೆ ಉಂಟಲ್ಲ, ಅದು ಹಳೇ ಕಾಲದ್ದು. ಈಗ ಜೆನೆಟಿಕ್ಸ್, ಇಕಾಲಜಿ, ರೋಗ ಹೇಗೆ ಹರಡ್ತದೆ ಅಂತ ನೋಡುವ ಎಪಿಡೆಮಿಯಾಲಜಿ ಎಲ್ಲದರ ಒಳಗೂ ಸ್ಟಾಟಿಸ್ಟಿಕ್ಸ್ ಕೂತಿದೆ, ಬಯೋಇನ್‌ಫರ್ಮ್ಯಾಟಿಕ್ಸ್ ಅಂತೂ ಕೋಡಿಂಗೇ. ತಿರುವನಂತಪುರದಲ್ಲಿ ಐಸರ್ ಅಂತ ಕೇಂದ್ರ ಸರ್ಕಾರದ ವಿಜ್ಞಾನ ಸಂಸ್ಥೆ ಉಂಟು, ಅಂಥ ಕಡೆ ಸೇರ್ಲಿಕ್ಕೆ ಬರೆಯುವ ಪರೀಕ್ಷೆಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ, ಬಯಾಲಜಿ ನಾಲ್ಕರಿಂದಲೂ 15 ಪ್ರಶ್ನೆ ಬರ್ತದೆ. ಗಣಿತ ಬಿಟ್ಟವರು 60ರಲ್ಲಿ 15ನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋದ ಹಾಗೆ.

ಇನ್ನೊಂದು, ನೀಟ್ ಕನ್ನಡದಲ್ಲಿ ಬರೀಬಹುದು ಅಂತ ಯಾರಾದ್ರೂ ಹೇಳಿದ್ರೆ ಅರ್ಧ ಸತ್ಯ. ಕನ್ನಡದ ಪ್ರಶ್ನೆಪತ್ರಿಕೆ ಕರ್ನಾಟಕದ ಸೆಂಟರ್‌ಗಳಲ್ಲಿ ಮಾತ್ರ ಕೊಡುದು. ಕನ್ನಡ ಬೇಕಾದ್ರೆ ಮಂಗಳೂರು ಕಡೆ ಸೆಂಟರ್ ಹಾಕಬೇಕು, ಕಾಸರಗೋಡಲ್ಲೋ ಕಣ್ಣೂರಲ್ಲೋ ಕೂತು ಕೇಳಿದ್ರೆ ಸಿಗುದಿಲ್ಲ.

ಪ್ಲಸ್ ಟೂ ಮುಗೀತು, ನೀಟ್‌ನಲ್ಲಿ ಮಾರ್ಕ್ ಸಾಕಾಗ್ಲಿಲ್ಲ. ಅಪ್ಪ ರಿಪೀಟ್ ಮಾಡು ಅಂತಾರೆ. ನನಗೆ ಬಿಎಸ್‌ಸಿ ಆಸೆ, ಆದ್ರೆ ಬಾಟನಿ, ಜುವಾಲಜಿ, ಮೈಕ್ರೋಬಯಾಲಜಿ, ಬಯೋಕೆಮಿಸ್ಟ್ರಿ, ಬಯೋಟೆಕ್ನಾಲಜಿ ಇಷ್ಟಿದೆ, ವ್ಯತ್ಯಾಸವೇ ಗೊತ್ತಾಗುದಿಲ್ಲ. ಬಯೋಟೆಕ್‌ಗೆ ಸ್ಕೋಪ್ ಹೆಚ್ಚಂತೆ ಹೌದಾ? — ವಿದ್ಯಾರ್ಥಿ, ಕುಂಬಳೆ

ಮೊದಲು ಅಪ್ಪನ ಮಾತು. 2024ರಲ್ಲಿ ನೀಟ್ ಬರೆದದ್ದು 23 ಲಕ್ಷಕ್ಕಿಂತ ಹೆಚ್ಚು ಮಕ್ಕಳು, ದೇಶದಲ್ಲಿ ಎಂಬಿಬಿಎಸ್ ಸೀಟು ಇದ್ದದ್ದು ಒಂದು ಲಕ್ಷ ಚಿಲ್ಲರೆ, ಅದರಲ್ಲಿ ಸರ್ಕಾರಿ ಫೀಸಿನದ್ದು ಸುಮಾರು ಅರ್ಧ. ಉಕ್ಕಿನಡ್ಕದ ನಮ್ಮ ಮೆಡಿಕಲ್ ಕಾಲೇಜಿಗೆ 2025ರಲ್ಲಿ 50 ಸೀಟು ಸಿಕ್ಕಿತು ಅಂತ ಎಲ್ಲರೂ ಖುಷಿಪಟ್ಟದ್ದು ಸರಿ, ಆದ್ರೆ ಅದರಿಂದ ನಿನ್ನ ರ‍್ಯಾಂಕ್ ಬದಲಾಗುದಿಲ್ಲ. ಸ್ವಲ್ಪದರಲ್ಲಿ ತಪ್ಪಿದ್ದಾದ್ರೆ, ನಿನಗೇ ಡಾಕ್ಟರ್ ಆಗುವ ಆಸೆ ಇದ್ರೆ ಒಂದು ವರ್ಷ ರಿಪೀಟ್ ಮಾಡು. ಮಾರ್ಕ್ ತುಂಬ ದೂರ ಇದ್ರೆ, ಆಸೆ ಅಪ್ಪನದ್ದು ಮಾತ್ರ ಆಗಿದ್ರೆ ಬೇಡ. ಎರಡನೇ ಸಲ, ಮೂರನೇ ಸಲ ಅಂತ ಕೋಚಿಂಗ್ ಹಾಸ್ಟೆಲಲ್ಲಿ ಮುದುರಿ ಕೂತು ಕೊನೆಗೆ ಅದೇ ಬಿಎಸ್‌ಸಿಗೆ ಬಂದ ಮಕ್ಕಳನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈಗ ಕೋರ್ಸ್. ಇವುಗಳ ವ್ಯತ್ಯಾಸ ಸಿಲೆಬಸ್ ನೋಡಿದ್ರೆ ಗೊತ್ತಾಗುದಿಲ್ಲ, ಯಾಕಂದ್ರೆ ಮೊದಲ ವರ್ಷ ಎಲ್ಲರೂ ಕೋಶ, ಡಿಎನ್‌ಎ ಅಂತಲೇ ಓದುದು. ದಿನಾ ಎಂತ ಕೆಲಸ ಮಾಡ್ಬೇಕಾಗ್ತದೆ ಅಂತ ನೋಡು. ಮೈಕ್ರೋಬಯಾಲಜಿ ಅಂದ್ರೆ ಸೂಕ್ಷ್ಮಜೀವಿ ಬೆಳೆಸುವ ಮೀಡಿಯಾ ತಯಾರು ಮಾಡುದು, ಆವಿಯಲ್ಲಿ ಶುದ್ಧ ಮಾಡುವ ಆಟೋಕ್ಲೇವ್, ಪೆಟ್ರಿಡಿಶ್ ಅನ್ನುವ ತಟ್ಟೆ, ಇವತ್ತು ಹಾಕಿದ್ದನ್ನು ನಾಳೆ ನೋಡುದು, ಒಂದು ಚೂರು ಗಲೀಜು ಸೇರಿದ್ರೆ ಪುನಃ ಮೊದಲಿಂದ, ಕೈ ಚೊಕ್ಕ ಮತ್ತು ತಾಳ್ಮೆ ಇದ್ದವರಿಗೆ ಹೇಳಿ ಮಾಡಿಸಿದ್ದು. ಬಯೋಕೆಮಿಸ್ಟ್ರಿಗೆ ಬಯಾಲಜಿಗಿಂತ ಕೆಮಿಸ್ಟ್ರಿ ಪ್ರೀತಿ ಬೇಕು, ಆರ್ಗಾನಿಕ್ ಕಂಡ್ರೆ ಆಗದವರು ಆ ಕಡೆ ತಲೆ ಹಾಕುದು ಬೇಡ. ಜುವಾಲಜಿ ಅಂದ್ರೆ ಬರೀ ಹುಲಿ ಆನೆ ಅಲ್ಲ, ಹೆಚ್ಚಿನದ್ದು ಕೀಟ, ಹುಳ, ಭ್ರೂಣ ಬೆಳೆಯುದು, ಶರೀರ ಕೆಲಸ ಮಾಡುದು, ವಿಕಾಸ. ಬಾಟನಿಯಲ್ಲಿ ಗಿಡದ ಹೆಸರು ಗುರುತಿಸುದರಿಂದ ಹಿಡಿದು ಗಿಡದ ರೋಗ, ಟಿಶ್ಯೂ ಕಲ್ಚರ್, ತಳಿ ಮಾಡುದು ತನಕ ಉಂಟು. ಬಯೋಟೆಕ್ ಇವೆಲ್ಲದರಿಂದ ಸ್ವಲ್ಪ ಸ್ವಲ್ಪ ತಗೊಂಡು ಉಪಯೋಗಕ್ಕೆ ತರುವ ಟೆಕ್ನಿಕ್ ಕಲಿಸುವಂಥದ್ದು.

ಸ್ಕೋಪ್ ಹೆಚ್ಚಾ ಅಂದ್ರೆ, ಬಿಎಸ್‌ಸಿ ಬಯೋಟೆಕ್ ಒಂದನ್ನೇ ಹಿಡ್ಕೊಂಡು ಸಿಗುವ ಕೆಲಸ ಕಮ್ಮಿ, ಎಂಎಸ್‌ಸಿ ಬೇಕೇ ಬೇಕು, ಒಳ್ಳೆ ಜಾಗಕ್ಕೆ ಪಿಎಚ್‌ಡಿ. ಮತ್ತೆ ಅಲ್ಲಿಗೆ ಬಾಟನಿಯವರೂ ಜುವಾಲಜಿಯವರೂ ಹೋಗಬಹುದು! ರಿಸರ್ಚ್‌ಗೆ ಸ್ಕಾಲರ್‌ಶಿಪ್ ಕೊಡಿಸುವ ಸಿಎಸ್‌ಐಆರ್ ನೆಟ್‌ನಲ್ಲಿ ಲೈಫ್ ಸೈನ್ಸಸ್ ಅಂತ ಇರುದು ಒಂದೇ ಪೇಪರ್, ಬಾಟನಿಯವರಿಗೂ ಅದೇ ಬಯೋಟೆಕ್‌ನವರಿಗೂ ಅದೇ. ಆ ಸ್ಕಾಲರ್‌ಶಿಪ್, ಅಂದ್ರೆ ಜೆಆರ್‌ಎಫ್ ಸಿಕ್ಕಿದ್ರೆ 2023ರಿಂದ ತಿಂಗಳಿಗೆ 37,000 ಕೊಡ್ತಾರೆ. ರಿಸರ್ಚ್ ದಾರಿಯಲ್ಲಿ ಡಿಗ್ರಿಯ ಹೆಸರಿಗಿಂತ ನೀನು ಎಂಎಸ್‌ಸಿಯಲ್ಲಿ ಯಾವ ಲ್ಯಾಬಲ್ಲಿ ಎಂತ ಕಲ್ತದ್ದು ಅನ್ನುದೇ ಮುಖ್ಯ. ಸರ್ಕಾರಿ ಕೆಲಸದ ದಾರಿಯಲ್ಲಿ ಮಾತ್ರ ಉಲ್ಟಾ, ಅಲ್ಲಿ ಹೆಸರೇ ಎಲ್ಲ, ಅದನ್ನು ಉಪ್ಪಳದ ಪ್ರಶ್ನೆಯಲ್ಲಿ ಹೇಳ್ತೇನೆ.

ತುಂಬ ಮಕ್ಕಳು ಬೀಳುವ ಗುಂಡಿ ಒಂದು ಉಂಟು. ಮೈಕ್ರೋಬಯಾಲಜಿ ಓದಿದ್ರೆ ಆಸ್ಪತ್ರೆ ಲ್ಯಾಬಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ ಸಿಗ್ತದೆ ಅಂತ ಸೇರ್ತಾರೆ. ಲ್ಯಾಬ್ ಟೆಕ್ನಿಷಿಯನ್ ಆಗಿ ರಿಜಿಸ್ಟರ್ ಆಗ್ಲಿಕ್ಕೆ ಬೇಕಾದದ್ದು ಎಂಎಲ್‌ಟಿ, ಅಂದ್ರೆ ಮೆಡಿಕಲ್ ಲ್ಯಾಬ್ ಟೆಕ್ನಾಲಜಿ, ಡಿಪ್ಲೊಮಾನೋ ಬಿಎಸ್‌ಸಿನೋ. ಬೇಗ ಕೆಲಸ ಬೇಕು, ಮನೆಯಲ್ಲಿ ಕಷ್ಟ ಉಂಟು ಅಂತಾದ್ರೆ ಬಿಎಸ್‌ಸಿ ಎಂಎಲ್‌ಟಿ, ನರ್ಸಿಂಗ್, ಇವನ್ನೇ ನೋಡು, ಕೇರಳದಲ್ಲಿ ಎಲ್‌ಬಿಎಸ್ ಸೆಂಟರ್ ಅನ್ನುವ ಸರ್ಕಾರಿ ಸಂಸ್ಥೆಯ ಮೂಲಕ ಪ್ಲಸ್ ಟೂ ಮಾರ್ಕಿನ ಮೇಲೆ ಸೀಟು ಕೊಡ್ತಾರೆ, ನೀಟ್ ಬೇಡ.

ನನ್ನನ್ನು ಕೇಳಿದ್ರೆ? ಯಾವುದು ಅಂತ ಇನ್ನೂ ಗಟ್ಟಿ ಇಲ್ಲದವರು ಬಾಟನಿ ಅಥವಾ ಜುವಾಲಜಿ ಮೇಜರ್, ಅಂದ್ರೆ ಮುಖ್ಯ ವಿಷಯ ಆಗಿ ತಗೊಳ್ಳುದು ಒಳ್ಳೇದು, ಯಾವ ಕಡೆಗೂ ತಿರುಗಬಹುದು. ಬಾಟನಿ ಅಂದ್ರೆ ಮೂಗು ಮುರಿಯುವವರಿಗೆ ನಾನು ಜಾನಕಿ ಅಮ್ಮಾಳ್ ಹೆಸರು ಹೇಳುದು, ಇಲ್ಲೇ ತಲಶ್ಶೇರಿಯವರು, 1897ರಲ್ಲಿ ಹುಟ್ಟಿದವರು, ಬಾಟನಿ ಓದಿ 1931ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಡಾಕ್ಟರೇಟ್ ಮಾಡಿ ಬಂದು ಕೊಯಮತ್ತೂರಲ್ಲಿ ಕಬ್ಬಿನ ಕ್ರೋಮೋಸೋಮ್ ಮೇಲೆ ಕೆಲಸ ಮಾಡಿದ್ರು. ಕೇರಳದಲ್ಲಿ 2024ರಿಂದ ನಾಲ್ಕು ವರ್ಷದ ಡಿಗ್ರಿ ಬಂದಿದೆ ಅಲ್ವಾ, ಮೂರು ವರ್ಷಕ್ಕೆ ಬಿಟ್ಟು ಹೊರಗೆ ಬರಬಹುದು, ನಾಲ್ಕು ಮುಗಿಸಿದ್ರೆ ಆನರ್ಸ್, ಅದರಲ್ಲಿ ಮೈನರ್, ಅಂದ್ರೆ ಜತೆಯ ವಿಷಯ ಅಂತ ಕೆಮಿಸ್ಟ್ರಿಯೋ ಸ್ಟಾಟಿಸ್ಟಿಕ್ಸೋ ಕಂಪ್ಯೂಟರೋ ಯಾವುದು ಸಿಗ್ತದೆ ಅಂತ ಅಡ್ಮಿಶನ್ ದಿನವೇ ಕಾಲೇಜಲ್ಲಿ ಕೇಳಿ ತಿಳ್ಕೊ. ಎಂಎಸ್‌ಸಿಗೆ ದೂರ ಹೋಗ್ಬೇಕಂತ ಇಲ್ಲ, ಪೆರಿಯದ ಸೆಂಟ್ರಲ್ ಯೂನಿವರ್ಸಿಟಿಯಲ್ಲಿ ಜುವಾಲಜಿ, ಪ್ಲಾಂಟ್ ಸೈನ್ಸ್, ಬಯೋಕೆಮಿಸ್ಟ್ರಿ, ಜಿನೋಮಿಕ್ ಸೈನ್ಸ್ ಎಲ್ಲ ಉಂಟು. ಅದಕ್ಕೆ ಸಿಯುಇಟಿ ಪಿಜಿ ಅನ್ನುವ ದೇಶಮಟ್ಟದ ಪ್ರವೇಶ ಪರೀಕ್ಷೆ ಬರೀಬೇಕು. ನಮ್ಮೂರ ಮಕ್ಕಳೇ ಅಲ್ಲಿ ಕಮ್ಮಿ ಅಂತ ನನ್ನ ಅಂದಾಜು, ದೆಲ್ಲಿಯಿಂದ ಬಂಗಾಳದಿಂದ ಬಂದು ಓದ್ತಾರೆ, ನಾವು ಬಸ್ಸಲ್ಲಿ ದಾಟಿ ಹೋಗ್ತೇವೆ.

ನಮ್ಮದು ಸಸ್ಯಾಹಾರಿ ಮನೆ. ಜುವಾಲಜಿ ತಗೊಂಡ್ರೆ ಕಪ್ಪೆ ಕೊಯ್ಯಬೇಕು ಅಂತ ಅಜ್ಜಿ ಬೇಡ ಅಂತಿದ್ದಾರೆ. — ನೀರ್ಚಾಲು

ಅಜ್ಜಿಯ ಕಾಲದಲ್ಲಿ ಕೊಯ್ತಿದ್ದದ್ದು ಹೌದು, ಕಪ್ಪೆ, ಜಿರಳೆ, ಎರೆಹುಳ ಎಲ್ಲ. 2014ರಲ್ಲಿ ಯುಜಿಸಿಯವರು ಜುವಾಲಜಿ, ಲೈಫ್ ಸೈನ್ಸ್ ಕೋರ್ಸ್‌ಗಳಲ್ಲಿ ಪ್ರಾಣಿ ಕೊಯ್ಯುದು ನಿಲ್ಲಿಸಿ ಅಂತ ಹೇಳಿದ ಮೇಲೆ ಮಾಡೆಲ್, ಚಾರ್ಟ್, ಕಂಪ್ಯೂಟರಲ್ಲಿ ತೋರಿಸುದು, ಬಾಟಲಿಯಲ್ಲಿಟ್ಟ ಸ್ಪೆಸಿಮನ್, ಇಷ್ಟರಲ್ಲೇ ಆಗ್ತದೆ. ಅಜ್ಜಿಗೆ ಧೈರ್ಯ ಹೇಳಿ. ಮುಂದೆ ವೆಟರ್ನರಿಯೋ ಮೆಡಿಸಿನೋ ಆದ್ರೆ ಕೈ ಹಾಕದೆ ನಿರ್ವಾಹ ಇಲ್ಲ, ಅದು ಬೇರೆ ವಿಷಯ.

ಮಗಳು ಎಂಎಸ್‌ಸಿ ಬಯೋಟೆಕ್ನಾಲಜಿ ಮಾಡಿ ಬಿಎಡ್ ಕೂಡ ಮುಗಿಸಿದ್ದಾಳೆ. ಕನ್ನಡ ಮೀಡಿಯಂ ಶಾಲೆಯಲ್ಲಿ ಟೀಚರ್ ಆಗುವ ಆಸೆ. ಪಿಎಸ್‌ಸಿ ಅಪ್ಲಿಕೇಶನ್ ಹಾಕುವಾಗ ಡಿಗ್ರಿಯ ಹೆಸರು ಹೊಂದುದಿಲ್ಲ ಅಂತ ಯಾರೋ ಹೇಳಿದ್ರು, ನಿಜವಾ? — ಉಪ್ಪಳ

ಈ ಪ್ರಶ್ನೆ ಎಂಎಸ್‌ಸಿಗೆ ಸೇರುವ ಮೊದಲು ಬರಬೇಕಿತ್ತು, ಆದ್ರೂ ಪೂರ್ತಿ ಬಾಗಿಲು ಮುಚ್ಚಿಲ್ಲ. ಹೈಸ್ಕೂಲಲ್ಲಿ ಬಯಾಲಜಿ ಕಲಿಸುವ ಪೋಸ್ಟಿಗೆ ನ್ಯಾಚುರಲ್ ಸೈನ್ಸ್ ಅಂತ ಹೆಸರು, ಕನ್ನಡ ಮೀಡಿಯಂ ಅಂತ ಬೇರೆಯಾಗಿ ಕಾಸರಗೋಡು ಜಿಲ್ಲೆಗೆ ಕರೀತಾರೆ, ಕನ್ನಡ ಓದಿದ ನಮ್ಮ ಮಕ್ಕಳಿಗೆ ಸ್ಪರ್ಧೆ ಕಮ್ಮಿ ಇರುವ ಜಾಗ ಅದೊಂದೇ ಅಂತ ಹೇಳಬಹುದು. ಅದಕ್ಕೆ ಡಿಗ್ರಿ, ನ್ಯಾಚುರಲ್ ಸೈನ್ಸ್ ಬಿಎಡ್, ಕೇರಳದ ಟೀಚರ್ ಅರ್ಹತಾ ಪರೀಕ್ಷೆ ಕೆ-ಟೆಟ್ ಬೇಕು. ಮಗಳ ಬಿಎಸ್‌ಸಿ ಎಂತದ್ದು ಅಂತ ನೀವು ಬರೀಲಿಲ್ಲ. ಅದು ಬಾಟನಿಯೋ ಜುವಾಲಜಿಯೋ ಆಗಿದ್ರೆ ಹೈಸ್ಕೂಲಿಗೆ ತಲೆನೋವಿಲ್ಲ, ಎಂಎಸ್‌ಸಿ ಬಯೋಟೆಕ್ ಆದದ್ದು ಅಲ್ಲಿ ಅಡ್ಡ ಬರುದಿಲ್ಲ. ಬಿಎಸ್‌ಸಿಯೂ ಬಯೋಟೆಕ್ ಆಗಿದ್ರೆ ನೋಟಿಫಿಕೇಶನ್‌ನಲ್ಲಿ ಅರ್ಹತೆಯ ಸಾಲನ್ನು ಒಂದೊಂದು ಅಕ್ಷರ ಓದಿ, ಬೇಕಾದ್ರೆ ಯೂನಿವರ್ಸಿಟಿಯಿಂದ ಈಕ್ವಿವಲೆನ್ಸಿ ಸರ್ಟಿಫಿಕೇಟ್ ಸಿಗ್ತದಾ ಅಂತ ಕೇಳಬೇಕು, ಅದೂ ಕೊನೇ ದಿನಕ್ಕಿಂತ ಎಷ್ಟೋ ಮೊದಲು.

ಹೈಯರ್ ಸೆಕೆಂಡರಿಯದ್ದು ಇನ್ನೂ ಬಿಗಿ. ಪ್ಲಸ್ ಟೂ ಮಕ್ಕಳಿಗೆ ಬಯಾಲಜಿ ಒಂದೇ ಸಬ್ಜೆಕ್ಟ್ ಆದ್ರೂ ಕಲಿಸುವವರು ಇಬ್ಬರು, ಬಾಟನಿಗೊಬ್ಬರು ಜುವಾಲಜಿಗೊಬ್ಬರು, ಪೋಸ್ಟೂ ಹಾಗೇ ಬೇರೆ ಬೇರೆ, ಮೇಲಿಂದ ಸೆಟ್ ಅನ್ನುವ ರಾಜ್ಯದ ಅರ್ಹತಾ ಪರೀಕ್ಷೆ ಪಾಸಾಗಬೇಕು. ಬಯೋಟೆಕ್ ಎಂಎಸ್‌ಸಿಯವರಿಗೆ ಅಲ್ಲಿ ಸುಲಭದ ಜಾಗ ಇಲ್ಲ. ಹಾಗಾಗಿ ಈಗ ಪ್ಲಸ್ ಟೂನಲ್ಲಿರುವ ಮಕ್ಕಳಿಗೆ ಹೇಳುದು, ಟೀಚರ್ ಆಗುವ ಯೋಚನೆ ಒಂದು ಚೂರಾದ್ರೂ ಇದ್ರೆ ಬಾಟನಿ ಅಥವಾ ಜುವಾಲಜಿ ಅಂತ ಸರ್ಟಿಫಿಕೇಟಲ್ಲಿ ಸೀದಾ ಬರೆದಿರುವ ಡಿಗ್ರಿಯನ್ನೇ ತಗೊಳ್ಳಿ. ಉದ್ದುದ್ದ ಹೆಸರಿನ ಹೊಸ ಹೊಸ ಕೋರ್ಸ್ ಪ್ರಾಸ್ಪೆಕ್ಟಸ್‌ನಲ್ಲಿ ಚಂದ ಕಾಣ್ತದೆ, ಪಿಎಸ್‌ಸಿಯ ಕಂಪ್ಯೂಟರಿಗೆ ಚಂದ ಕಾಣುದಿಲ್ಲ.

ಹತ್ತು ಎಕ್ರೆ ಅಡಿಕೆ ತೋಟ ಉಂಟು. ಮಗ ಬಿಎಸ್‌ಸಿ ಅಗ್ರಿ ಅಂತಾನೆ, ಬಾಟನಿ ಮಾಡಿದ್ರೂ ಅದೇ ಅಲ್ವಾ? ಕೇರಳದಲ್ಲಿ ಓದುದಾ ಕರ್ನಾಟಕದಲ್ಲಾ? — ಕೃಷಿಕರು, ಪೆರ್ಲ

ಅದೇ ಅಲ್ಲ ಅಣ್ಣ. ಕೃಷಿಭವನದಲ್ಲಿ ಕೂರುವ ಕೃಷಿ ಆಫೀಸರ್ ಆಗ್ಲಿಕ್ಕೆ, ಬ್ಯಾಂಕಿನ ಅಗ್ರಿಕಲ್ಚರ್ ಫೀಲ್ಡ್ ಆಫೀಸರ್ ಆಗ್ಲಿಕ್ಕೆ ಅಗ್ರಿ ಅಥವಾ ಅದಕ್ಕೆ ಸಂಬಂಧಪಟ್ಟ ಡಿಗ್ರಿಯೇ ಬೇಕು, ಬಾಟನಿಯಲ್ಲಿ ಗೋಲ್ಡ್ ಮೆಡಲ್ ಬಂದ್ರೂ ಆಗುದಿಲ್ಲ. ಅಗ್ರಿ ನಾಲ್ಕು ವರ್ಷದ ಕೋರ್ಸ್, ಮಣ್ಣು, ಬೆಳೆ, ಕೀಟ, ರೋಗ, ಎಕನಾಮಿಕ್ಸ್ ಎಲ್ಲ ಇರ್ತದೆ, ಹಳ್ಳಿಯಲ್ಲಿ ಕೃಷಿಕರ ಜತೆ ಇದ್ದು ಮಾಡುವ ಕೆಲಸವೂ ಉಂಟು. ಬಾಟನಿಯವರು ಒಂದು ಪ್ರಶ್ನೆ ಹಿಡ್ಕೊಂಡು ಆಳಕ್ಕೆ ಹೋಗ್ತಾರೆ.

ನಿಮ್ಮ ತೋಟದಿಂದಲೇ ನೋಡಿ. ಮಹಾಳಿ ಅಂದ್ರೆ ಕೊಳೆರೋಗ, ಅದನ್ನು ಮಾಡುವ ಫೈಟಾಫ್ತೊರ ನೋಡ್ಲಿಕ್ಕೆ ಫಂಗಸ್ ತರ ಇದ್ರೂ ನಿಜವಾದ ಫಂಗಸ್ ಅಲ್ಲ, ವಂಶಾವಳಿಯಲ್ಲಿ ಕಂದು ಪಾಚಿಗೆ ಹತ್ತಿರದ್ದು. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು ಒಂದು ಕಿಲೋ ಸುಣ್ಣ ಹಾಕಿದ ಬೋರ್ಡೋ ದ್ರಾವಣ ಮಳೆಗೆ ಮೊದಲೇ ಹೊಡೆದ್ರೆ ಅದು ನಿಲ್ತದೆ, ಯಾಕಂದ್ರೆ ಅದು ಹೊರಗಿಂದ ಕಾಯಿ ಮೇಲೆ ಬಂದು ಕೂರುವಂಥದ್ದು. ಹಳದಿ ಎಲೆ ರೋಗಕ್ಕೆ ಯಾವ ಮದ್ದು ಬಿಟ್ರೂ ನಾಟುದಿಲ್ಲ, ಅದು ಫೈಟೋಪ್ಲಾಸ್ಮಾ, ಗಿಡದ ಒಳಗಿನ ರಸನಾಳದಲ್ಲೇ ಬದುಕುವ ಗೋಡೆ ಇಲ್ಲದ ಬ್ಯಾಕ್ಟೀರಿಯಾ, ಜಿಗಿಹುಳದಿಂದ ಹರಡುದು, ಪೆಟ್ರಿಡಿಶ್‌ನಲ್ಲಿ ಬೆಳೆಸ್ಲಿಕ್ಕೂ ಹೆಣಗಬೇಕು. ಅದಕ್ಕೆ ದಾರಿ ಹುಡುಕಬೇಕಾದವರು ರೋಗಶಾಸ್ತ್ರದವರು, ಕೀಟಶಾಸ್ತ್ರದವರು, ಡಿಎನ್‌ಎ ನೋಡುವವರು, ತಡಕೊಳ್ಳುವ ತಳಿ ಮಾಡುವವರು, ನಾಲ್ಕೂ ಜನ. ಮಗನಿಗೆ ತೋಟ ನೋಡಿಕೊಂಡು ಕೆಲಸವೂ ಬೇಕಾ, ಅಗ್ರಿ ಮಾಡ್ಲಿ. ಆ ರೋಗ ಹೀಗೆ ಯಾಕೆ ಅಂತ ತಲೆಕೆಡಿಸಿಕೊಳ್ಳುವ ಹುಡುಗನಾ, ಯಾವುದರಿಂದ ಹೋದ್ರೂ ಕೊನೆಗೆ ಅಲ್ಲಿಗೆ ಮುಟ್ತಾನೆ. ಕೂಡ್ಲಿನ ತೋಟದ ಬೆಳೆಗಳ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐಗೆ ಒಂದು ದಿನ ಕರ್ಕೊಂಡು ಹೋಗಿ, 1916ರಲ್ಲಿ ತೆಂಗಿನ ಸ್ಟೇಶನ್ ಅಂತ ಶುರುವಾದ ಜಾಗ, ಅಡಿಕೆಯದ್ದು ವಿಟ್ಲದಲ್ಲಿ ಉಂಟು. ಎತ್ತರದ ತೆಂಗು ಗಿಡ್ಡ ತೆಂಗು ಸೇರಿಸಿ ಜಗತ್ತಿನಲ್ಲೇ ಮೊದಲು ಹೈಬ್ರಿಡ್ ಮಾಡಿದ್ದು 1930ರ ದಶಕದಲ್ಲಿ ಇದೇ ಜಿಲ್ಲೆಯ ನೀಲೇಶ್ವರದಲ್ಲಿ ಅಂತ ನಮ್ಮ ಎಷ್ಟು ಮಕ್ಕಳಿಗೆ ಗೊತ್ತು!

ಇನ್ನು ಎಲ್ಲಿ ಓದುದು ಅಂತ. ಕೇರಳದಲ್ಲಿ ಅಗ್ರಿಗೂ ನೀಟ್ ಮಾರ್ಕೇ ನೋಡುದು, ಪಡನ್ನಕ್ಕಾಡಿನಲ್ಲಿ ಕಾಲೇಜು ಉಂಟು, ಮನೆಗೆ ಹತ್ತಿರ. ಕರ್ನಾಟಕದಲ್ಲಿ ಸಿಇಟಿ. ಗಡಿನಾಡ ಕನ್ನಡಿಗರು ಅಂತ ಕಾಸರಗೋಡು, ಮಂಜೇಶ್ವರ, ಹೊಸದುರ್ಗ ತಾಲೂಕಿನವರಿಗೆ ಸಿಇಟಿಯಲ್ಲಿ ಅವಕಾಶ ಉಂಟು, ಮಾತೃಭಾಷೆಯ ಸರ್ಟಿಫಿಕೇಟ್, ಕನ್ನಡ ಪರೀಕ್ಷೆ ಅಂತೆಲ್ಲ ಕೇಳ್ತಾರೆ, ಆ ವರ್ಷದ ಬ್ರೋಶರ್ ನೋಡಿ ಕಾಗದಪತ್ರ ಮೊದಲೇ ಮಾಡಿಸಿಡಿ. ಮೂರನೇ ದಾರಿ ಸಿಯುಇಟಿ, ಕೇಂದ್ರದ ಕೃಷಿ ಸಂಶೋಧನಾ ಮಂಡಳಿ ಐಸಿಎಆರ್ ಪಾಲಿನ ಸೀಟು ಅದರಲ್ಲಿ ತುಂಬುದು. ಮೂರನ್ನೂ ಬರೆಸಿ, ಫೀಸು ಹೋದ್ರೆ ಹೋಗ್ಲಿ.

ನಮ್ಮದು ಮೀನುಗಾರರ ಕುಟುಂಬ, ನನಗೆ ಸಮುದ್ರದ ಬಗ್ಗೆ ಓದಬೇಕು. ಮೆರೈನ್ ಬಯಾಲಜಿಯಾ ಫಿಶರೀಸಾ? — ವಿದ್ಯಾರ್ಥಿನಿ, ಮಂಜೇಶ್ವರ

ಮೀನು, ದೋಣಿ, ಸಿಗಡಿ ಕೆರೆ, ಇಲಾಖೆಯ ಕೆಲಸ ಅಂತಾದ್ರೆ ನಾಲ್ಕು ವರ್ಷದ ಬಿಎಫ್‌ಎಸ್‌ಸಿ ಅನ್ನುವ ಫಿಶರೀಸ್ ಡಿಗ್ರಿ, ಮಂಗಳೂರಿನ ಫಿಶರೀಸ್ ಕಾಲೇಜು ನಿನ್ನ ಮನೆಯಿಂದ ಒಂದು ಬಸ್ಸಿನ ದೂರ, 1969ರಲ್ಲಿ ಶುರುವಾದದ್ದು, ದೇಶದಲ್ಲೇ ಮೊದಲನೇದು. ಕೇರಳದ್ದು ಕೊಚ್ಚಿಯ ಪನಂಗಾಡಿನಲ್ಲಿ. ಹವಳ, ಪ್ಲಾಂಕ್ಟನ್, ಆಮೆ ಇಂಥದ್ದರ ಹಿಂದೆ ಹೋಗ್ಬೇಕಾದ್ರೆ ಜುವಾಲಜಿ ಮಾಡಿ ಎಂಎಸ್‌ಸಿಯಲ್ಲಿ ಮೆರೈನ್ ತಗೊ. ಡಿಗ್ರಿಯಲ್ಲೇ ಮೆರೈನ್ ಬಯಾಲಜಿ ಬೇಕಂತ ದೂರ ಹೋಗುವ ಅಗತ್ಯ ಕಾಣುದಿಲ್ಲ.

ಫೊರೆನ್ಸಿಕ್ ಸೈನ್ಸ್? — ಹೆಸರು ಊರು ಎರಡೂ ಇಲ್ಲ

ಸೀರಿಯಲ್ ನೋಡಿ ಬಂದ ಆಸೆ ಆದ್ರೆ ಒಂದು ತಿಂಗಳು ಬಿಟ್ಟು ಪುನಃ ಕೇಳು. ಆಗಲೂ ಆಸೆ ಇದ್ರೆ ಜುವಾಲಜಿಯೋ ಬಯೋಕೆಮಿಸ್ಟ್ರಿಯೋ ಮಾಡಿ ಎಂಎಸ್‌ಸಿಯಲ್ಲಿ ಆ ಕಡೆ ಹೋಗು.

ನಾನು ಎಣ್ಮಕಜೆಯವಳು, ಪ್ಲಸ್ ಟೂ ಬಯೋ-ಮ್ಯಾಥ್ಸ್. ನಮ್ಮ ಊರಲ್ಲಿ ಎಂಡೋಸಲ್ಫಾನ್ ಕೀಟನಾಶಕದಿಂದ ಆದದ್ದನ್ನು ಸರಿಯಾಗಿ ಓದಿ ತಿಳ್ಕೊಳ್ಬೇಕು ಅಂತ ನನಗೆ. ಡಾಕ್ಟರ್ ಆದ್ರೆ ಆಗ್ತದಾ, ಬೇರೆ ಯಾವ ಕೋರ್ಸ್?

ಡಾಕ್ಟರ್ ಎದುರು ಕೂತ ಒಬ್ಬರನ್ನು ನೋಡ್ತಾರೆ, ನೀನು ಕೇಳ್ತಿರುದು ಇಡೀ ಊರಿನದ್ದು. 1970ರ ದಶಕದ ಕೊನೆಯಿಂದ 2000ದ ತನಕ ಗೇರುತೋಟಗಳ ಮೇಲೆ ಹೆಲಿಕಾಪ್ಟರಲ್ಲಿ ಅದನ್ನು ಬಿಟ್ಟದ್ದು ಟೀ ಸೊಳ್ಳೆ ಅನ್ನುವ ಕೀಟಕ್ಕೆ ಅಂತ. ಆ ಕೀಟವನ್ನು ಬೇರೆ ಹೇಗೆ ಹಿಡಿತಕ್ಕೆ ತರಬಹುದಿತ್ತು ಅನ್ನುದು ಕೀಟಶಾಸ್ತ್ರದ ಪ್ರಶ್ನೆ. ಗುಡ್ಡದ ಮೇಲೆ ಬಿದ್ದದ್ದು ಮಳೆನೀರಿನಲ್ಲಿ ತೋಡಿಗೆ, ಗುಡ್ಡ ಕೊರೆದು ತೆಗೆಯುವ ಸುರಂಗದ ನೀರಿಗೆ ಹೇಗೆ ಬಂತು, ಮಣ್ಣಲ್ಲಿ ಎಷ್ಟು ದಿನ ಉಳೀತು ಅನ್ನುದು ಎನ್ವಿರಾನ್‌ಮೆಂಟಲ್ ಸೈನ್ಸ್. ಶರೀರದ ಒಳಗೆ ಹೋಗಿ ನರಕ್ಕೆ, ಹಾರ್ಮೋನಿಗೆ ಎಂತ ಮಾಡ್ತದೆ ಅನ್ನುದು ಟಾಕ್ಸಿಕಾಲಜಿ, ಅಲ್ಲಿಗೆ ಬಯೋಕೆಮಿಸ್ಟ್ರಿ ಅಥವಾ ಜುವಾಲಜಿಯಿಂದ ಹೋಗುದು. ಈ ಊರಲ್ಲಿ ಕಾಯಿಲೆ ನಿಜಕ್ಕೂ ಹೆಚ್ಚು ಉಂಟಾ, ಉಂಟಾದ್ರೆ ಕಾರಣ ಇದೇ ಅಂತ ಹೇಗೆ ಹೇಳುದು, ಅದು ಎಪಿಡೆಮಿಯಾಲಜಿ.

ಕೊನೆಯದ್ದೇ ಎಲ್ಲಕ್ಕಿಂತ ಕಷ್ಟದ್ದು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಬಂದು ಪಡ್ರೆಯ ಶಾಲೆ ಮಕ್ಕಳನ್ನು ಮದ್ದು ಬೀಳದ ಬೇರೆ ಊರಿನ ಮಕ್ಕಳ ಜತೆ ಹೋಲಿಸಿ ನೋಡಿದ್ರು, ಹುಡುಗರು ಪ್ರಾಯಕ್ಕೆ ಬರುದು ನಿಧಾನ ಆಗ್ತಿದೆ ಅಂತ 2003ರಲ್ಲಿ ಪ್ರಕಟ ಆಯ್ತು. ಅದರ ಲೆಕ್ಕ ಸರಿಯಾ, ಹೋಲಿಸಿದ ಊರು ಸರಿಯಾ ಅಂತ ಎಷ್ಟು ಚರ್ಚೆ ಆಗಿದೆ ಅಂದ್ರೆ ಅದನ್ನು ಓದಿದ್ರೇ ಒಂದು ಕೋರ್ಸ್ ಮುಗಿದ ಹಾಗೆ. 2011ರಲ್ಲಿ ವಿಷಕಾರಿ ರಾಸಾಯನಿಕಗಳನ್ನು ನಿಲ್ಲಿಸುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರಿತು, ಅದೇ ವರ್ಷ ಸುಪ್ರೀಂ ಕೋರ್ಟ್ ನಿಷೇಧಿಸಿತು. ಊರಲ್ಲಿ ನಮಗೆಲ್ಲ ಗೊತ್ತೇ ಇದ್ದದ್ದನ್ನು ಕೋರ್ಟಿನ ಎದುರು, ಕಂಪನಿಯ ವಕೀಲರ ಎದುರು ನಿಲ್ಲುವ ಹಾಗೆ ಹೇಳ್ಲಿಕ್ಕೆ ಇಂಥ ಅಂಕಿಅಂಶ ಬೇಕು.

ಹಾಗಾಗಿ ನಿನಗೆ ಜುವಾಲಜಿ ಮೇಜರ್, ಸ್ಟಾಟಿಸ್ಟಿಕ್ಸ್ ಮೈನರ್ ಸಿಗುವ ಕಾಲೇಜು ಒಳ್ಳೇದು, ಸಿಗದಿದ್ರೆ ಕೆಮಿಸ್ಟ್ರಿ ಮೈನರ್ ತಗೊಂಡು ಸ್ಟಾಟಿಸ್ಟಿಕ್ಸ್ ಹೊರಗಿಂದ ಕಲಿ. ಆಮೇಲೆ ಪಬ್ಲಿಕ್ ಹೆಲ್ತಾ ಟಾಕ್ಸಿಕಾಲಜಿಯಾ ಅಂತ ಮೂರನೇ ವರ್ಷ ನಿರ್ಧಾರ ಮಾಡಬಹುದು. ಪಬ್ಲಿಕ್ ಹೆಲ್ತ್‌ನ ಪಿಜಿ ಎಂಪಿಎಚ್‌ಗೆ ಅರ್ಹತೆ ಒಂದೊಂದು ಕಡೆ ಒಂದೊಂದು ತರ, ಕೆಲವರು ಮೆಡಿಕಲ್, ನರ್ಸಿಂಗ್ ಓದಿದವರನ್ನು ಮಾತ್ರ ತಗೊಳ್ತಾರೆ, ಅದನ್ನು ಈಗಲೇ ನೋಡಿಟ್ಟುಕೊ. ಪೆರಿಯದಲ್ಲಿ ಆ ಡಿಪಾರ್ಟ್‌ಮೆಂಟೂ ಉಂಟು, ಎನ್ವಿರಾನ್‌ಮೆಂಟಲ್ ಸೈನ್ಸೂ ಉಂಟು, ರಜೆಯಲ್ಲಿ ಒಂದು ದಿನ ಹೋಗಿ ಅಲ್ಲಿಯ ರಿಸರ್ಚ್ ಮಕ್ಕಳ ಹತ್ರ ಮಾತಾಡಿ ಬಾ. ಎಣ್ಮಕಜೆಯವಳು ಅಂತ ಹೇಳು, ಕೂರಿಸಿ ಮಾತಾಡ್ತಾರೆ.